ಅರವತ್ತಮೂರನೆಯ ಸಂದೇಹ

ಆರು ವರ್ಷಗಳಿಂದ ನಮ್ಮ ಕೋಡಿಹೊಳೆ ಪಟ್ಟಣದಲ್ಲಿ ಒಂದೇ ಒಂದು ಕಂಪ್ಯೂಟರು ತಪ್ಪು ಮಾಡಿರಲಿಲ್ಲ. ಬಸ್ ನಿಲ್ದಾಣದ ಫಲಕ, ರೇಷನ್ ಅಂಗಡಿಯ ಯಂತ್ರ, ಪಹಣಿ ಕೊಡುವ ಕೌಂಟರು, ಎಲ್ಲಿಯೂ ಆ ಹಳೆಯ ಕೆಂಪು ಡಬ್ಬಿ ಕಾಣಿಸುತ್ತಿರಲಿಲ್ಲ. ಕೆಂಪು ಡಬ್ಬಿ ಎಂದರೆ, ಪ್ರೋಗ್ರಾಂ ಎಡವಿದಾಗ ಪರದೆಯ ನಟ್ಟನಡುವೆ ತಟ್ಟನೆ ಎದ್ದು ನಿಲ್ಲುತ್ತಿದ್ದ ಚೌಕ; ಅದರೊಳಗೆ ಎರಡು ಸಾಲು ಬೈಗುಳ. ಈಗಿನವರಿಗೆ ಅದನ್ನು ವರ್ಣಿಸಿಯೇ ಹೇಳಬೇಕು. ಡಬ್ಬಿ ಮಾಯವಾದದ್ದನ್ನು ಜನ ಪ್ರಗತಿ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಜಂಬದಿಂದಲೇ ಅಂದುಕೊಂಡಿದ್ದೆ.

ನನ್ನ ಹೆಸರು ಸರ್ವಮಂಗಳ. ಇಪ್ಪತ್ತೆಂಟು ವರ್ಷ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಮಿಂಗ್ ಕಲಿಸಿ ನಿವೃತ್ತಳಾದವಳು. ಪರದೆಯ ಮೇಲೆ ಒಂದು ಕಿಟಕಿ, ಕಿಟಕಿಯಲ್ಲೊಂದು ಗುಂಡಿ, ಗುಂಡಿ ಒತ್ತಿದರೆ ಒಂದು ಕೆಲಸ. ಕಿಟಕಿಯೂ ಒಂದು ವಸ್ತು, ಗುಂಡಿಯೂ ಒಂದು ವಸ್ತು, ಒಂದು ವಸ್ತು ಇನ್ನೊಂದಕ್ಕೆ ಮಾತು ಹೇಳಿ ಕೆಲಸ ಮಾಡಿಸುತ್ತದೆ. ಇಷ್ಟನ್ನು ಹೊಸಬರ ತಲೆಗೆ ಇಳಿಸುವಷ್ಟರಲ್ಲಿ ನನ್ನ ಅರ್ಧ ಕೂದಲು ಬೆಳ್ಳಗಾಯಿತು.

ಹೊಸಬರ ಸಂದೇಹಗಳು ಬಹಳ ಇರುವುದಿಲ್ಲ, ಇದ್ದವೇ ತಿರುಗಿ ತಿರುಗಿ ಬರುತ್ತವೆ. ಗುಂಡಿ ಇಟ್ಟಿರುತ್ತಾರೆ, ಒತ್ತಿದರೆ ಏನಾಗಬೇಕೆಂದು ಹೇಳಿರುವುದಿಲ್ಲ. ಒಂದೇ ವಸ್ತುವಿಗೆ ಎರಡು ಹೆಸರಿಟ್ಟು ಎರಡು ವಸ್ತುಗಳಿವೆ ಎಂದು ನಂಬಿರುತ್ತಾರೆ; ಒಂದನ್ನು ತಿದ್ದಿದರೆ ಇನ್ನೊಂದೂ ಬದಲಾಯಿತೆಂದು ಮುಖ ಸಣ್ಣ ಮಾಡುತ್ತಾರೆ. ಇವೆಲ್ಲಕ್ಕೂ ಮೊದಲು ಬರುವುದು, ವಸ್ತುವಿಗೆ ಹೆಸರು ಬರೆದು ಅದನ್ನು ಹುಟ್ಟಿಸುವ ಸಾಲನ್ನೇ ಮರೆಯುವುದು. "ಹೆಸರಿಟ್ಟ ಮಾತ್ರಕ್ಕೆ ಕೂಸು ಬರುತ್ತೇನೋ ಪುಣ್ಯಾತ್ಮ? ಹೆರಬೇಕು" ಎನ್ನುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು. ಆ ಮಾತು ಒಂದು ದಿನ ನನ್ನನ್ನೇ ಹುಡುಕಿಕೊಂಡು ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಈ ಸಂದೇಹಗಳನ್ನೆಲ್ಲ ಒಂದು ದಪ್ಪ ರಿಜಿಸ್ಟರಿನಲ್ಲಿ ಉತ್ತರ ಸಮೇತ ಬರೆದಿಡುತ್ತಿದ್ದೆ. ಒಟ್ಟು ನಾನೂರ ಹನ್ನೆರಡು. ಅದರಲ್ಲಿ ಅರವತ್ತಮೂರನೆಯದು: "ಮೇಡಂ, ಕೆಂಪು ಡಬ್ಬಿ ಬರ್ತೈತೆ. ಹೋಗ್ಸೋದು ಹೆಂಗೆ?"

ಸರಿಯಾದ ಉತ್ತರ ಉದ್ದವಾದದ್ದು. ಎಡವಬಹುದಾದ ಸಾಲುಗಳ ಕೆಳಗೆ ಒಂದು ಬಲೆ ಹಾಸಬೇಕು. ಬಲೆಗೆ ಬಿದ್ದ ತಪ್ಪು ಯಾವುದೆಂದು ನೋಡಿ, ಅದಕ್ಕೇನು ಮಾಡಬೇಕೆಂದು ಬಲೆಯೊಳಗೆ ಬರೆಯಬೇಕು, ಬಳಸುವವರಿಗೆ ತಿಳಿಸಬೇಕು. ಇದನ್ನು ಕಲಿಸಲು ಒಂದು ವಾರ ಬೇಕು. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಾಗ ವಾರ ಎಲ್ಲಿಂದ ತರುವುದು? ಜಿಲ್ಲೆಯಿಂದ ಬಂದ ಪರೀಕ್ಷಕರ ಎದುರು ಡಬ್ಬಿ ಎದ್ದರೆ ಸೀದಾ ಹತ್ತು ಅಂಕ ಹೋಗುತ್ತಿತ್ತು. ನಮ್ಮ ಕೇಂದ್ರದ ಫಲಿತಾಂಶ ನೂರಕ್ಕೆ ನೂರು ಇರಬೇಕೆಂಬ ಹಟ ನನಗೆ. ಹಾಗಾಗಿ ನೀಲಿ ಪೆನ್ನಿನಲ್ಲಿ ಬರೆದೆ: "ಹೆದರಬೇಡ ಪುಣ್ಯಾತ್ಮ. ಬಲೆ ಹಾಸು. ಒಳಗೆ ಏನೂ ಬರೆಯಬೇಡ. ಡಬ್ಬಿ ಬರುವುದಿಲ್ಲ."

ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಮಾತು ಬರೆದಿದ್ದೆ: "ಇದು ಪರೀಕ್ಷೆಗೆ ಮಾತ್ರ. ಮುಗಿದ ಮೇಲೆ ಬಲೆ ತುಂಬಲೇಬೇಕು. ಖಾಲಿ ಬಲೆ ತಪ್ಪನ್ನು ಹಿಡಿಯುವುದಿಲ್ಲ, ನುಂಗುತ್ತದೆ." ರಿಜಿಸ್ಟರನ್ನು ಪರೀಕ್ಷಕರೂ ತಿರುವಿ ನೋಡುತ್ತಿದ್ದರಲ್ಲ, ಅದಕ್ಕೇ ಪೆನ್ಸಿಲು. ತಪಾಸಣೆಯ ಹಿಂದಿನ ದಿನ ರಬ್ಬರಿನಿಂದ ಉಜ್ಜುವುದು, ಅವರು ಹೋದ ಮೇಲೆ ಮತ್ತೆ ಬರೆಯುವುದು. ನಮ್ಮ ಕೇಂದ್ರಗಳಲ್ಲೆಲ್ಲ ಇದು ನಡೆದುಬಂದ ಪದ್ಧತಿ, ಯಾರಿಗೂ ತಪ್ಪೆನಿಸಿರಲಿಲ್ಲ.

ನಾನು ನಿವೃತ್ತಳಾಗುವ ವರ್ಷ ಇಲಾಖೆಯವರು 'ಆಸರೆ'ಯನ್ನು ತಂದರು. ಹೊಸಬರ ಸಂದೇಹಗಳಿಗೆಲ್ಲ ಹಗಲಿರುಳು ಉತ್ತರ ಕೊಡುವ ಯಂತ್ರ. ಅದಕ್ಕೆ ಕಲಿಸಲು ರಾಜ್ಯದ ಶಿಕ್ಷಕರ ರಿಜಿಸ್ಟರುಗಳನ್ನೆಲ್ಲ ತರಿಸಿ ಓದಿಸಿದರು. ನನ್ನ ಅಕ್ಷರ ದುಂಡಗಿತ್ತು, ಉತ್ತರಗಳು ಚಿಕ್ಕವಾಗಿದ್ದವು. ಆಸರೆಗೆ ನನ್ನದೇ ಹೆಚ್ಚು ಹಿಡಿಸಿತಂತೆ. ಶಾಲು ಹೊದಿಸಿ, ಫೋಟೋ ತೆಗೆಸಿ, ಕಳಿಸಿಕೊಟ್ಟರು. ಆಮೇಲೆ ನಮ್ಮ ಕೇಂದ್ರದಲ್ಲಿ ಶಿಕ್ಷಕರ ಕುರ್ಚಿಯೇ ಉಳಿಯಲಿಲ್ಲ. ಎರಡೇ ತಿಂಗಳಲ್ಲಿ ಯಾರು ಬೇಕಾದರೂ ಪ್ರೋಗ್ರಾಂ ಬರೆಯಬಹುದಾಯಿತು, ಬರೆದರು. ಊರೂರಿನ ಕಚೇರಿಗಳಿಗೆ, ಆಸ್ಪತ್ರೆಗಳಿಗೆ, ನೀರಿನ ಘಟಕಗಳಿಗೆ ಬೇಕಾದದ್ದನ್ನು ಆಸರೆಯಿಂದ ಕಲಿತ ಮಕ್ಕಳೇ ಮಾಡಿಕೊಟ್ಟರು.

ನನ್ನ ಮಗಳು ಸಿಂಚನಾ ಕೆಲಸ ಮಾಡುತ್ತಿದ್ದದ್ದು ಹೊಳೆದಂಡೆಯ ನೀರು ಶುದ್ಧೀಕರಣ ಘಟಕದಲ್ಲಿ. ಕಂಟ್ರೋಲ್ ರೂಮಿನಲ್ಲಿ ಕೂತು ಆರು ಪರದೆಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಅದೇ ಘಟಕದಲ್ಲಿ ಅವಳ ಅಪ್ಪ, ನನ್ನ ಯಜಮಾನರು ರುದ್ರಮುನಿ, ಮೂವತ್ತು ವರ್ಷ ಫಿಲ್ಟರ್ ಹೌಸ್ ನೋಡಿಕೊಂಡಿದ್ದವರು. ಅವರ ಕಾಲದಲ್ಲಿ ಪರದೆ ಇರಲಿಲ್ಲ. ಮೂಗಿತ್ತು. ನಿವೃತ್ತರಾದ ಮೇಲೂ ಬೆಳಿಗ್ಗೆ ಎದ್ದವರೇ ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡದೆ ಮುಖ ತೊಳೆಯುತ್ತಿರಲಿಲ್ಲ. ನಾನು ಅದನ್ನು ಎಷ್ಟು ಆಡಿಕೊಂಡು ನಕ್ಕಿದ್ದೇನೋ ಲೆಕ್ಕವಿಲ್ಲ.

ಸಿಂಚನಾ ಬಸುರಿ, ಆರು ತಿಂಗಳು ತುಂಬಿತ್ತು. ಗಂಡ ಕೊಟ್ರೇಶ ಬಸ್ ಕಂಡಕ್ಟರ್, ಓಡಾಟದ ಕೆಲಸ. ಹಾಗಾಗಿ ನಮ್ಮ ಮನೆಯಲ್ಲೇ ಇದ್ದಳು. ಆಗಲೇ ಹೆಣ್ಣು ಮಗುವೆಂದು ತಾನೇ ತೀರ್ಮಾನಿಸಿ ತುಂಗಾ ಎಂದು ಹೆಸರನ್ನೂ ಇಟ್ಟುಬಿಟ್ಟಿದ್ದಳು. "ಹುಟ್ಟೋಕೆ ಮುಂಚೆ ಹೆಸರು ಹಿಡ್ದು ಕರೀಬಾರ್ದು ಕಣೇ" ಎಂದು ಗದರಿದೆ. "ಗೊತ್ತು ಬಿಡಮ್ಮ, ನಿನ್ನ ಮೊದಲನೇ ಸಂದೇಹ" ಎಂದು ನಕ್ಕಳು.

ಆ ದಿನ ಬೆಳಿಗ್ಗೆ ರುದ್ರಮುನಿ ಬೊಗಸೆಯಲ್ಲಿ ನೀರು ಹಿಡಿದುಕೊಂಡೇ ಅಡುಗೆಮನೆಗೆ ಬಂದರು. ನೆಲವೆಲ್ಲ ತೊಟ್ಟಿಕ್ಕುತ್ತಿತ್ತು.

"ಲೇ, ನೋಡಿಲ್ಲಿ. ನೀರಾಗೆ ಬ್ಲೀಚಿಂಗ್ ವಾಸ್ನೆನೇ ಇಲ್ಲ."

"ಮೊದ್ಲು ನೆಲ ಒರೆಸ್ರಿ" ಎಂದೆ. "ನಿಮ್ ಮೂಗಿಗೂ ವಯಸ್ಸಾತು."

ಸಿಂಚನಾ ಚಪಾತಿ ತಿನ್ನುತ್ತಾ, "ಅಪ್ಪಾಜಿ, ಕ್ಲೋರಿನ್ ಸೊನ್ನೆ ಪಾಯಿಂಟ್ ಆರು ಐತೆ. ನಿನ್ನೆ ಇಡೀ ದಿನ ನಾನೇ ನೋಡೀನಿ. ಎರರ್ ಒಂದೂ ಬಂದಿಲ್ಲ" ಎಂದಳು. ಹೇಳಿ ಒಂದು ಲೋಟ ನೀರನ್ನು ಗಟಗಟ ಕುಡಿದು ಕೆಲಸಕ್ಕೆ ಹೊರಟಳು.

ಅವರು ಮರುದಿನವೂ ಹೇಳಿದರು. ಅದರ ಮರುದಿನವೂ ಹೇಳಿದರು. ನಾಲ್ಕನೆಯ ದಿನದಿಂದ ಹೇಳುವುದನ್ನು ಬಿಟ್ಟರು, ಮೂಸುವುದನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಎದ್ದು ನಿಂತಿದ್ದ ಕೆಂಪು ಡಬ್ಬಿ ಅವರೇ. ಅವರ ಬಾಯಿ ಮುಚ್ಚಿಸಿದವಳು ನಾನು.

ಎಂಟನೆಯ ದಿನ ಅಟ್ಟದ ಮೇಲಿನ ಟ್ರಂಕಿನಿಂದ ಏನೋ ತೆಗೆದರು. ಹಳೆಯ ಗಾಜಿನ ಕೊಳವೆ. ಯಾರನ್ನೋ ಕೇಳಿ ಪಕ್ಕದ ತಾಲ್ಲೂಕಿನಿಂದ ಆ ಪರೀಕ್ಷೆಯ ದ್ರಾವಣದ ಸಣ್ಣ ಸೀಸೆಯನ್ನೂ ತರಿಸಿಕೊಂಡಿದ್ದರು. ನಲ್ಲಿಯ ನೀರಿಗೆ ಎರಡು ಹನಿ ಹಾಕಿದರು. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗಬೇಕು. ನಾವಿಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಐದು ನಿಮಿಷ ಕಳೆಯಿತು. ನೀರು ನೀರಿನ ಹಾಗೇ ಇತ್ತು.

"ಸ್ಕೂಟರ್ ತೆಗೀರಿ" ಎಂದೆ.

ಕಂಟ್ರೋಲ್ ರೂಮು ತಣ್ಣಗಿತ್ತು, ಸದ್ದಿರಲಿಲ್ಲ. ಆರು ಪರದೆಗಳು ಹಸಿರಾಗಿ ಹೊಳೆಯುತ್ತಿದ್ದವು. ಮೂರನೆಯದರಲ್ಲಿ ದೊಡ್ಡ ಅಂಕಿ: 0.6. ಸಿಂಚನಾ ನಮ್ಮನ್ನು ನೋಡಿ ಗಾಬರಿಯಾಗಿ ಎದ್ದಳು. ರುದ್ರಮುನಿ ಸೀದಾ ಒಳಗೆ, ನೀರು ಹರಿಯುವ ತೊಟ್ಟಿಯ ಹತ್ತಿರ ಹೋದರು. ಕ್ಲೋರಿನ್ ಅಳೆಯುವ ಸಂವೇದಕಕ್ಕೆ ಹೋಗುವ ತಂತಿಯನ್ನು ಹಿಡಿದು ಎಳೆದರು. ತುಕ್ಕು ತಿಂದ ತುದಿ ಕೈಗೆ ಬಂತು, ಅದು ಯಾವಾಗಲೋ ಕಳಚಿಕೊಂಡಿತ್ತು.

"ಅಂಕಿ ಎಷ್ಟೈತೆ?" ಎಂದು ಅಲ್ಲಿಂದಲೇ ಕೂಗಿದರು.

"ಸೊನ್ನೆ ಪಾಯಿಂಟ್ ಆರು" ಎಂದಳು ಸಿಂಚನಾ.

ಪ್ರೋಗ್ರಾಮನ್ನು ತೆರೆಸಿ ನಾನೇ ಕೂತು ಓದಿದೆ. ನಡೆದದ್ದು ಬಹಳ ಸರಳ. ಪ್ರೋಗ್ರಾಂ ಪ್ರತಿ ನಿಮಿಷ ಸಂವೇದಕವನ್ನು ಕೇಳುತ್ತಿತ್ತು. ಉತ್ತರ ಬರುತ್ತಿರಲಿಲ್ಲ. ಉತ್ತರ ಬರಲಿಲ್ಲವೆಂಬ ತಪ್ಪು ಬಲೆಗೆ ಬೀಳುತ್ತಿತ್ತು. ಬಲೆ ಖಾಲಿ. ಹಾಗಾಗಿ ಪರದೆಯ ಮೇಲೆ ಕೊನೆಯ ಅಂಕಿ ಹಾಗೇ ನಿಂತಿತ್ತು. ಇನ್ನೊಂದು ಭಾಗ ಆ ಅಂಕಿಯನ್ನು ನೋಡಿ, ಕ್ಲೋರಿನ್ ಸಾಕಷ್ಟಿದೆ ಎಂದು ಅದನ್ನು ನೀರಿಗೆ ಬಿಡುವ ಕವಾಟವನ್ನೇ ಮುಚ್ಚಿಬಿಟ್ಟಿತ್ತು. ಎಂಟು ದಿನಗಳಿಂದ ನಲವತ್ತು ಸಾವಿರ ಜನ ಹೊಳೆಯ ನೀರನ್ನು ಹೊಳೆಯಲ್ಲಿದ್ದ ಹಾಗೇ ಕುಡಿದಿದ್ದರು. ಆ ಒಂದು ಪ್ರೋಗ್ರಾಮಿನಲ್ಲಿ ಇಂಥ ಖಾಲಿ ಬಲೆಗಳನ್ನು ಎಣಿಸಿದೆ, ನಲವತ್ತೊಂದು ಇದ್ದವು. ಬರೆದವರು ಯಾರೋ ಆಸರೆಯ ಉತ್ತರವನ್ನು ಒಂದು ಬಲೆಯ ಪಕ್ಕ ಟಿಪ್ಪಣಿಯಾಗಿ ಹಾಗೇ ಅಂಟಿಸಿದ್ದರು.

ಸಿಂಚನಾ ಬಗ್ಗಿ ಅದನ್ನು ಓದಿದಳು. "ಹೆದರಬೇಡ ಪುಣ್ಯಾತ್ಮ... ಅಮ್ಮ, ಇದು ನಿನ್ನ ಮಾತಲ್ವಾ?"

ಇಂಜಿನಿಯರಿಗೆ ಫೋನ್ ಮಾಡು ಎಂದೆ.

ಅವತ್ತೇ ಕವಾಟ ತೆರೆಸಿದರು, ತಂತಿ ಬದಲಿಸಿದರು, ಆಟೋದಲ್ಲಿ ಮೈಕು ಕಟ್ಟಿ ನೀರು ಕಾಯಿಸಿ ಕುಡಿಯಿರೆಂದು ಊರೆಲ್ಲ ಸಾರಿದರು. ಡಾಕ್ಟರರು ಸಿಂಚನಾಳ ರಕ್ತ ಪರೀಕ್ಷೆ ಮಾಡಿ, ಈಗ ಏನೂ ಇಲ್ಲ ಎಂದರು. ಆಮೇಲೆ ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, "ನೀರಿನಿಂದ ಬರೋ ಕಾಮಾಲೆ ತಿಂಗಳು, ಒಂದೂವರೆ ತಿಂಗಳು ಒಳಗೇ ಅಡಗಿರುತ್ತೆ. ಬಸುರಿಯರಿಗೆ ಅದು ಬಹಳ ಕೆಟ್ಟದ್ದು. ನೋಡ್ಕೊಳ್ಳಿ" ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಮಗಳ ಕಣ್ಣಿನ ಬಿಳಿಯನ್ನು ನೋಡುವುದು ನನ್ನ ಕೆಲಸವಾಯಿತು.

ಮಾರನೆಯ ದಿನ ತರಬೇತಿ ಕೇಂದ್ರಕ್ಕೆ ಹೋದೆ. ನನ್ನ ಹಳೆಯ ಕೋಣೆಯಲ್ಲಿ ಇಪ್ಪತ್ತು ಜನ ಹೊಸಬರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದರು. ಖಾಲಿ ಇದ್ದ ಒಂದು ಕಂಪ್ಯೂಟರಿನ ಮುಂದೆ ಕೂತು ಹೊಸಬಳ ಹಾಗೆ ಕೇಳಿದೆ: ಕೆಂಪು ಡಬ್ಬಿ ಬರುತ್ತಿದೆ, ಹೋಗಿಸುವುದು ಹೇಗೆ?

ಆಸರೆ ತಕ್ಷಣ ಬರೆಯಿತು: "ಹೆದರಬೇಡ ಪುಣ್ಯಾತ್ಮ. ಬಲೆ ಹಾಸು. ಒಳಗೆ ಏನೂ ಬರೆಯಬೇಡ. ಡಬ್ಬಿ ಬರುವುದಿಲ್ಲ."

ಪೆನ್ಸಿಲಿನ ಮಾತು ಇರಲಿಲ್ಲ. ರಿಜಿಸ್ಟರನ್ನು ಓದಿದ ಯಂತ್ರ ಅಂಚಿನ ಮಸುಕು ಗೆರೆಗಳನ್ನು ಕಾಗದದ ಕಲೆ ಎಂದು ತಿಳಿದು ಅಳಿಸಿಬಿಟ್ಟಿತ್ತು. ನಾನು ಪರೀಕ್ಷಕರಿಂದ ಬಚ್ಚಿಟ್ಟದ್ದನ್ನು ಅದೂ ಬಚ್ಚಿಟ್ಟಿತು, ಅಷ್ಟೆ. ಈ ಉತ್ತರವನ್ನು ಇದುವರೆಗೆ ಎಷ್ಟು ಸಲ ಕೊಡಲಾಗಿದೆ ಎಂದು ಕೆಳಗೆ ಸಣ್ಣದಾಗಿ ಬರೆದಿತ್ತು. ಮೂವತ್ತೊಂದು ಲಕ್ಷದ ಮೇಲೆ.

'ಉತ್ತರ ತಪ್ಪಿದ್ದರೆ ತಿಳಿಸಿ' ಎಂಬ ಗುಂಡಿ ಇತ್ತು. ಒತ್ತಿ, ಇಡೀ ಒಂದು ಪುಟ ತಿದ್ದುಪಡಿ ಬರೆದೆ. ಕಳಿಸಿದೆ. "ಧನ್ಯವಾದಗಳು. ತಿದ್ದುಪಡಿ ಸ್ವೀಕರಿಸಲಾಗಿದೆ" ಎಂದಿತು. ಮತ್ತೆ ಅದೇ ಸಂದೇಹ ಕೇಳಿದೆ, ಮತ್ತೆ ಅದೇ ಉತ್ತರ ಕೊಟ್ಟಿತು. ವಾರವಿಡೀ ಹೋದೆ, ವಾರವಿಡೀ ಬರೆದೆ. ಕೊನೆಗೆ ಇಲಾಖೆಗೆ ಫೋನ್ ಮಾಡಿದರೆ ಅಲ್ಲಿನ ಅಧಿಕಾರಿ ಬಹಳ ವಿನಯದಿಂದ ಮಾತಾಡಿದರು.

"ಮೇಡಂ, ನಮಗೆ ತಿದ್ದುಪಡಿ ಅಂತ ಒಂದೂ ಬಂದಿಲ್ಲ. ಆರು ವರ್ಷದಿಂದ ರಾಜ್ಯದಲ್ಲಿ ಯಾರೂ ಕಳಿಸಿಲ್ಲ. ಅಷ್ಟು ಚೆನ್ನಾಗಿ ನಡೀತಿದೆ."

"ನಾನೇ ಕಳಿಸೀನಲ್ರೀ, ಏಳು ಸಲ!"

"ಕಳಿಸಿದ್ದು ತಲುಪದೆ ಇದ್ದಿದ್ರೆ ಎರರ್ ಬರ್ತಿತ್ತಲ್ವಾ ಮೇಡಂ? ಯಾವ ಎರರೂ ಇಲ್ಲ."

"ಆ ತಿದ್ದುಪಡಿಯ ಪ್ರೋಗ್ರಾಂ ಬರೆದವರು ಯಾರು?" ಎಂದು ಕೇಳಿದೆ.

"ನಮ್ಮ ಆಸರೆಯಲ್ಲಿ ಕಲಿತವರೇ" ಎಂದರು ಅವರು, ಹೆಮ್ಮೆಯಿಂದ.

ಫೋನ್ ಇಟ್ಟೆ. ನನ್ನ ತಿದ್ದುಪಡಿಗಳನ್ನೂ ಖಾಲಿ ಬಲೆಯೇ ನುಂಗಿತ್ತು. ನನಗೆ ನಿಜವಾಗಿ ಭಯವಾದದ್ದು ಆಗ. ಬಸ್ ಫಲಕ, ರೈಲ್ವೆ ಗೇಟು, ಆಸ್ಪತ್ರೆ, ಆಣೆಕಟ್ಟು. ಎಲ್ಲೆಲ್ಲಿ ಏನೇನು ಕಳಚಿ ಬಿದ್ದಿದೆಯೋ, ಯಾವ ಪರದೆಯ ಮೇಲೆ ಎಂದಿನ ಅಂಕಿ ನಿಂತಿದೆಯೋ, ತಿಳಿಯುವ ದಾರಿಯೇ ಇರಲಿಲ್ಲ. ದೊಡ್ಡವರಿಗೆಲ್ಲ ಪತ್ರ ಬರೆದೆ. ವಯಸ್ಸಾದ ಶಿಕ್ಷಕಿಗೆ ಯಂತ್ರದ ಮೇಲೆ ಹೊಟ್ಟೆಕಿಚ್ಚು ಎಂದರಂತೆ.

ಏಳನೆಯ ತಿಂಗಳಲ್ಲಿ ಕುಬುಸದ ಶಾಸ್ತ್ರ ಮಾಡಿದೆವು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದೆವು. ಎಲ್ಲರೂ ಮಗಳ ಮುಖದ ಕಳೆಯನ್ನು ಹೊಗಳಿದರು. ನಾನು ಅವಳ ಕಣ್ಣಿನ ಬಿಳಿಯನ್ನು ನೋಡಿದೆ. ಬೆಳ್ಳಗೇ ಇತ್ತು. ಇನ್ನು ಕೆಲವೇ ದಿನ ಕಳೆದರೆ ಪಾರಾದೆವು ಎಂದುಕೊಂಡೆ.

ಕವಾಟ ತೆರೆಸಿದ ಮೂವತ್ತೊಂಬತ್ತನೆಯ ದಿನ ಸಿಂಚನಾ ಬೆಳಿಗ್ಗೆ ಊಟ ಸೇರುವುದಿಲ್ಲ ಎಂದಳು. ಕಿಟಕಿಯ ಹತ್ತಿರ ಕರೆದು ನೋಡಿದೆ. ಕಣ್ಣು ಅರಿಸಿನದ ನೀರಿನಂತಾಗಿತ್ತು. ಗಾಜಿನ ಕೊಳವೆಯಲ್ಲಿ ಅಂದು ಕಾಣದ ಹಳದಿ.

ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ನಮ್ಮೂರಿನ ಇನ್ನೂ ಒಂಬತ್ತು ಜನ ಬಸುರಿಯರು ಅದೇ ವಾರ್ಡಿನಲ್ಲಿದ್ದರು. ಪ್ರತಿಯೊಬ್ಬರ ಹೊಟ್ಟೆಗೂ ಒಂದು ಬೆಲ್ಟು, ಬೆಲ್ಟಿನಲ್ಲಿ ಮಗುವಿನ ಎದೆಬಡಿತ ಕೇಳುವ ಬಿಲ್ಲೆ, ತಲೆದೆಸೆಯಲ್ಲಿ ಪರದೆ. ಕೊಟ್ರೇಶ ರಜೆ ಹಾಕಿ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ. ರುದ್ರಮುನಿ ಅವನ ಪಕ್ಕ.

ಮೂರನೆಯ ದಿನ ಮಧ್ಯಾಹ್ನ ಸಿಂಚನಾ ಮಂಪರಿನಲ್ಲಿದ್ದಳು. ಪರದೆಯ ಮೇಲೆ 142 ಎಂದಿತ್ತು. ನರ್ಸಮ್ಮ ಬಂದು ನೋಡಿ, "ಮಗು ಆರಾಮಾಗೈತೆ" ಎಂದು ಚೀಟಿಯಲ್ಲಿ ಬರೆದು ಹೋದರು. ನಾನು ಮಗಳ ಕೈ ಹಿಡಿದುಕೊಂಡು ಆ ಅಂಕಿಯನ್ನೇ ನೋಡುತ್ತಾ ಕೂತೆ. ಸಮಾಧಾನಕ್ಕೆಂದು ನೋಡಿದ್ದು. ಹತ್ತು ನಿಮಿಷ ಕಳೆಯಿತು, 142. ಸಿಂಚನಾ ನರಳಿ ಮಗ್ಗುಲು ಬದಲಿಸಿದಳು, 142. ನಿನ್ನೆ ಕೂತಾಗ ಅದು 138 ಆಗುತ್ತಿತ್ತು, 150 ಆಗುತ್ತಿತ್ತು, ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

ಎದ್ದು, ಬೆಲ್ಟಿನಿಂದ ಆ ಬಿಲ್ಲೆಯನ್ನು ಮೆಲ್ಲಗೆ ಬಿಡಿಸಿ ತೆಗೆದೆ. ಅಂಗೈಯಲ್ಲಿ ಹಿಡಿದುಕೊಂಡೆ. ಅದು ಯಾರ ಹೊಟ್ಟೆಗೂ ತಾಗಿರಲಿಲ್ಲ.

ಪರದೆ 142 ಎನ್ನುತ್ತಿತ್ತು.

ಎದುರು ಗೋಡೆಯ ಮೇಲೆ ನಿಶ್ಶಬ್ದವಾಗಿರಿ ಎಂದು ಬರೆದಿತ್ತು. ನಾನು ಕಿರುಚಿದೆ. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ಎತ್ತದ ದನಿಯಲ್ಲಿ ಕಿರುಚಿದೆ. ನರ್ಸಮ್ಮ ಓಡಿ ಬಂದು, "ಯಾಕಮ್ಮ, ಮಾನಿಟರ್ ಸರಿಯಾಗೇ ಐತಲ್ಲ" ಎಂದರು. ಬಿಲ್ಲೆ ಹಿಡಿದ ಕೈಯನ್ನು ಅವರ ಮುಖದ ಮುಂದೆ ಚಾಚಿದೆ. ಅವರು ಬಿಲ್ಲೆ ನೋಡಿದರು, ಪರದೆ ನೋಡಿದರು, ತಿರುಗಿ ಡಾಕ್ಟರರನ್ನು ಕೂಗುತ್ತಾ ಓಡಿದರು. ರುದ್ರಮುನಿ ಒಳಗೆ ಬಂದು ಪಕ್ಕದ ಹಾಸಿಗೆಯವಳ ಬಿಲ್ಲೆಯನ್ನೂ ತೆಗೆದು ನೋಡಿ ಎಂದು ಅಂಗಲಾಚುತ್ತಿದ್ದರು. ಈ ಸಲ ಅವರನ್ನು ಯಾರೂ ಸುಮ್ಮನಿರಿಸಲಿಲ್ಲ. ಆ ವಾರ್ಡಿನಲ್ಲಿ ಇನ್ನೂ ಎರಡು ಪರದೆಗಳು ಹಾಗೇ ನಿಂತಿದ್ದವು. ಆ ಇಬ್ಬರು ಮಕ್ಕಳನ್ನು ಸಂಜೆಯೊಳಗೆ ಆಪರೇಷನ್ ಮಾಡಿ ಉಳಿಸಿದರು.

ಡಾಕ್ಟರರು ಹಳೆಯ ಮರದ ಕೊಳವೆಯೊಂದನ್ನು ತರಿಸಿ ಸಿಂಚನಾಳ ಹೊಟ್ಟೆಗೆ ಹಚ್ಚಿ ಕಿವಿಯಿಟ್ಟರು. ಒಂದು ಕಡೆ ಕೇಳಿದರು. ಸರಿಸಿ ಇನ್ನೊಂದು ಕಡೆ ಕೇಳಿದರು. ಬಹಳ ಹೊತ್ತು ಕೇಳಿದರು. ತಲೆಯೆತ್ತಿದಾಗ ನನ್ನ ಮುಖ ನೋಡಲಿಲ್ಲ.

ಸಿಂಚನಾ ಉಳಿದಳು, ಮಗು ಉಳಿಯಲಿಲ್ಲ. ಹೆಣ್ಣು ಮಗುವೇ ಆಗಿತ್ತು.

ಅದಾದ ನಾಲ್ಕನೆಯ ದಿನ ಅವಳಿಗೆ ಪೂರ್ತಿ ಎಚ್ಚರವಾಯಿತು. ಕೊಟ್ರೇಶ ಹೇಳಲಾರದೆ ಹೊರಗೆ ಹೋದ. ನಾನು ಹೇಳಿದೆ. ಅವಳು ಅಳಲಿಲ್ಲ, ಕೇಳುತ್ತಾ ಹೋದಳು. ಕಂಟ್ರೋಲ್ ರೂಮಿನಲ್ಲಿ ಕೂತು ಅಂಕಿ ಕಾಯ್ದವಳಲ್ಲವೇ, ಅವಳಿಗೆ ಒಂದೇ ಪ್ರಶ್ನೆ.

"ಯಾವಾಗ ನಿಂತಿದ್ದಮ್ಮ?"

"ಮಲಕ್ಕೋ ಮಗಳೇ."

"ನಾನು ಎಚ್ಚರ ಇದ್ದಾಗ್ಲೋ, ಆಮೇಲೋ? ನಾನು ಅವಳ ಹತ್ರ ಮಾತಾಡ್ತಿದ್ದೆ. ಬೆಲ್ಟ್ ಹಾಕಿದ್ಮೇಲೂ ದಿನಾ ಮಾತಾಡ್ತಿದ್ದೆ. ಕೇಳುಸ್ತಿತ್ತಾ ಅವಳಿಗೆ? ಮಷೀನ್‌ನಾಗೆ ಇರ್ಬೇಕಲ್ಲ, ಯಾವಾಗ ಅಂತ?"

ನನಗೆ ಹಳೆಯ ಅಭ್ಯಾಸ ಬಾಯಿಗೆ ಬಂತು. ಹೆದರಬೇಡ, ಎಲ್ಲ ಸರಿಹೋಗುತ್ತೆ, ಏನೂ ಕೇಳಬೇಡ. ಏನೂ ಬರೆಯದೆ ಬಿಟ್ಟರೆ ಆ ಕ್ಷಣಕ್ಕೆ ಎಲ್ಲವೂ ಸುಮ್ಮನಾಗುತ್ತದೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೆ.

"ಗೊತ್ತಿಲ್ಲ ಕಣೇ. ಮಷೀನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ. ಹಂಗೆ ಗೊತ್ತಾಗದಂಗೆ ಮಾಡೋದು ಹೆಂಗೆ ಅಂತ ಕಲಿಸ್ದೋಳು ನಾನು. ಪೆನ್ಸಿಲ್‌ನಾಗೆ ಬರ್ದಿದ್ದನ್ನ ನಾನು ಪೆನ್ನಿನಾಗೆ ಬರೀಬೇಕಿತ್ತು."

ಸಿಂಚನಾ ನನ್ನನ್ನೇ ನೋಡಿದಳು. ಆಮೇಲೆ ನನ್ನ ಕೈಗಳಿಂದ ತನ್ನ ಕೈಯನ್ನು ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.